ಪರದೆಯ ಹಿಂದೆ ಕೂತು ಹೇಳಿದ ಗ್ರಹದ ಕಥೆ

ಹೋದ ತಿಂಗಳು ಆ ಸಿನಿಮಾದ ಕೊನೆಯನ್ನು ಮೊದಲ ಸಲ ನೋಡಿದೆ. ಉಳಿದ ಸಿನಿಮಾ ನನಗೆ ಬಾಯಿಪಾಠವಿದೆ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಸವಣೂರಿನ ಡೇರೆ ಟಾಕೀಜಿನಲ್ಲಿ ಅದನ್ನು ದಿನವೂ ನೋಡಿದ್ದೆ. ಆದರೆ ಅಲ್ಲಿಗೆ ಬಂದಿದ್ದ ಪ್ರಿಂಟು ಊರೂರು ತಿರುಗಿ ಸವೆದಿತ್ತು, ಕಡೆಯ ಕೆಲವು ನಿಮಿಷ ಹರಿದೇ ಹೋಗಿತ್ತು. ಈಗ ಹುಬ್ಬಳ್ಳಿಯ ನನ್ನ ಎರಡು ಕೋಣೆಯ ಮನೆಯಲ್ಲಿ ಕೂತು ಟೀವಿಯ ಗುಂಡಿ ಒತ್ತಿದರೆ ಹಳೆಯ ಸಿನಿಮಾಗಳೆಲ್ಲ ಬಂದು ನಿಲ್ಲುತ್ತವೆ. ಹಾಗೆ ಇದೂ ಬಂತು.

ಶುರುವಿನಲ್ಲೇ ಬೆಚ್ಚಿಬಿದ್ದೆ. ಆಕಾಶನೌಕೆಯ ಕ್ಯಾಪ್ಟನ್ ಬಲಗೈಯಲ್ಲಿ ಬರೆಯುತ್ತಿದ್ದ. ಇಷ್ಟು ವರ್ಷ ನಾನು ಅವನನ್ನು ಎಡಚ ಎಂದೇ ನಂಬಿದ್ದೆ. ಯಾಕೆಂದರೆ ನಾನು ಆ ಸಿನಿಮಾ ನೋಡಿದ್ದು ಪರದೆಯ ಹಿಂದಿನಿಂದ. ಅಲ್ಲಿ ಎಡ ಬಲವಾಗುತ್ತದೆ, ಇಂಗ್ಲಿಷ್ ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತವೆ. ಆಮೇಲೆ ಕೊನೆ ಬಂತು. ಅದರಲ್ಲಿ ಬೇರೆ ಗ್ರಹಕ್ಕೆ ಹೋದವರ ನಡುವಿನ ಒಬ್ಬಳೇ ಹೆಣ್ಣುಮಗಳು ನೌಕೆ ಹತ್ತಿ ಬರುತ್ತಾಳೆ, ಕ್ಯಾಪ್ಟನ್ನನ ಹೆಗಲಿಗೆ ಒರಗುತ್ತಾಳೆ, ಕಿಟಕಿಯಲ್ಲಿ ಭೂಮಿ ಕಾಣುತ್ತದೆ, ಪಿಟೀಲು ಬಾರಿಸುತ್ತಾರೆ. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮರುದಿನ ಕಪಾಟಿನಿಂದ ಆ ಸಿನಿಮಾಕ್ಕೆ ಮೂಲವಾದ ಕಾದಂಬರಿ ತೆಗೆದು ಮತ್ತೆ ಓದಿದೆ. ಅದರಲ್ಲಿ ಅವಳು ಸಾಯುತ್ತಾಳೆ, ಅದೂ ಎರಡೇ ಸಾಲಿನಲ್ಲಿ, ಪಂಚನಾಮೆ ಬರೆದ ಹಾಗೆ. ಆದರೆ ನಮ್ಮ ಕಡೆಯ ಜನಕ್ಕೆ ಗೊತ್ತಿರುವ ಕೊನೆ ಇವೆರಡೂ ಅಲ್ಲ. ಅವರಿಗೆ ಗೊತ್ತಿರುವುದು ನಾನು ಹೇಳಿದ ಕೊನೆ. ಹೇಳಿದವಳು ನಾನು ಎಂಬುದೊಂದು ಅವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ನಮ್ಮದು ಸವಣೂರಿನ ವೈಷ್ಣವರ ಮನೆ. ಅಪ್ಪ ಸಂಜೆ ಹೊತ್ತು ಮಠದಲ್ಲಿ ಪುರಾಣ ಹೇಳುತ್ತಿದ್ದರು. ಶ್ಲೋಕ ಸಂಸ್ಕೃತದ್ದು, ಕೇಳುವ ಜನ ಕನ್ನಡದವರು, ನಡುವೆ ಅಪ್ಪ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಒಂದು ಪ್ರಶ್ನೆ ಕೇಳಿ ಜನರನ್ನು ಮುಂದಕ್ಕೆ ಬಾಗಿಸಬೇಕು ಎಂಬುದನ್ನು ನಾನು ಕಂಬದ ಮರೆಯಲ್ಲಿ ಕೂತು ಕಲಿತೆ. ಯಾರೂ ಕಲಿಸಲಿಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಫಸ್ಟ್ ಕ್ಲಾಸು ತಂದು, ಆ ವರ್ಷ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ನನ್ನ ತಮ್ಮ ಪ್ರಾಣೇಶ ಹಾಗೂ ಹೀಗೂ ಬಿ.ಎ. ದಾಟಿದ್ದ. ಅವನ ನೆನಪಿನ ಶಕ್ತಿ ಮಾತ್ರ ದೊಡ್ಡದು. ನಮ್ಮ ಮನೆಯಲ್ಲಿ ಗಂಡುಹುಡುಗರಿಗೆ ಸಂಥೆ ಹೇಳಿಕೊಡುವ ಪದ್ಧತಿ. ಹಿರಿಯರು ಒಂದು ಸಲ ಹೇಳಿದ್ದನ್ನು ಕಲಿಯುವವನು ಎರಡು ಸಲ ಹೇಳಬೇಕು, ಸ್ವರ ಕೂಡ ತಪ್ಪಬಾರದು. ಅರ್ಥ ಆಮೇಲೆ ತಾನೇ ಬರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಪ್ರಾಣೇಶನ ವಿಷಯದಲ್ಲಿ ಆ ಅರ್ಥ ದಾರಿ ತಪ್ಪಿಸಿಕೊಂಡಿತ್ತು.

ಡೇರೆಯ ಮಾಲಕ ಖಾದರಸಾಬ ಪ್ರತಿ ಬೇಸಿಗೆ ಸವಣೂರಿನಲ್ಲಿ ಗೂಟ ಹೊಡೆದು, ಅಲ್ಲಿಂದ ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ತಿರುಗಿ ಮಳೆ ಹಿಡಿಯುವ ಹೊತ್ತಿಗೆ ಡೇರೆ ಕೀಳುತ್ತಿದ್ದ. ಆ ವರ್ಷ ಅವನೊಂದು ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಬಂದು ಕೂತ.

"ಆಚಾರ್ರ, ಒಂದ ಇಂಗ್ಲಿಷ್ ಪಿಚ್ಚರ್ ಸಸ್ತಾದಾಗ ಸಿಕ್ಕೈತ್ರಿ. ಆಕಾಶದಾಗ ಹಾರಿ ಬ್ಯಾರೆ ಲೋಕಕ್ಕ ಹೋಗೋ ಮಂದಿ ಕಥಿ. ತಿಳಿಸಿ ಹೇಳಾವ್ರು ಇಲ್ಲಂದ್ರ ಜನ ಡೇರೆ ಹರದ ಹಾಕ್ತಾರ್ರಿ. ನಿಮ್ಮ ಹುಡುಗನ್ನ ಕಳಸ್ರಿ."

ಅಪ್ಪ ಇಲ್ಲ ಅನ್ನಲಾರದೆ ಹೋದರು. ಮಠದ ಪುರಾಣಕ್ಕೆ ಮೈಕು ಕೊಡುತ್ತಿದ್ದವನೇ ಖಾದರಸಾಬ. ಆದರೆ ಪ್ರಾಣೇಶ ಸಿನಿಮಾ ಒಂದು ಸಲ ನೋಡಿ ಬಂದು ಗೋಡೆಗೆ ಒರಗಿ ಕೂತ. ಒಂದು ಮಾತೂ ತಿಳಿದಿರಲಿಲ್ಲ. ಆ ಕಾದಂಬರಿಯನ್ನು ನಾನು ಧಾರವಾಡದಲ್ಲಿ ಎರಡು ಸಲ ಓದಿದ್ದೆ, ಹಳೆಯ ಪುಸ್ತಕದ ಅಂಗಡಿಯಿಂದ ಒಂದು ಪ್ರತಿಯನ್ನು ಕೊಂಡೂ ತಂದಿದ್ದೆ. ನಾನು ಹೇಳುತ್ತೇನೆ ಎಂದೆ.

"ಮುಖ ಕಾಣಬಾರದು, ಹೆಸರು ಹೇಳಬಾರದು," ಎಂದರು ಅಪ್ಪ. "ಪರದೆ ಹಿಂದ ಕೂತು ಹೇಳಬೇಕು. ನಿಮ್ಮವ್ವ ಜೋಡಿ ಇರ್ತಾಳ."

ಹೀಗೆ ನಾನು ಪರದೆಯ ಹಿಂದೆ ಹೋದೆ. ಒಂದು ಕಟ್ಟಿಗೆಯ ಪೆಟ್ಟಿಗೆ, ಅದರ ಮೇಲೆ ನಾನು, ಪಕ್ಕದಲ್ಲಿ ಚಾಪೆ ಹಾಸಿಕೊಂಡು ಬತ್ತಿ ಹೊಸೆಯುವ ಅವ್ವ. ಹಗಲೆಲ್ಲ ಕಾದ ನೆಲ ಸಂಜೆಗೂ ಆರುತ್ತಿರಲಿಲ್ಲ. ಗಾಳಿ ಬೀಸಿದರೆ ಪರದೆ ಉಬ್ಬಿ, ಆಕಾಶನೌಕೆ ಹೊಟ್ಟೆ ಮುಂದೆ ಮಾಡಿಕೊಂಡು ನನ್ನ ಮೈಮೇಲೆ ಬರುತ್ತಿತ್ತು. ಡೇರೆಯಲ್ಲಿ ಪ್ರೊಜೆಕ್ಟರು ಒಂದೇ ಇದ್ದುದರಿಂದ ಪ್ರತಿ ರೀಲಿಗೂ ನಿಲ್ಲಿಸಿ ಬದಲಿಸಬೇಕು. ಆ ಬಿಡುವಿನಲ್ಲಿ ಮುಂದಿನದಕ್ಕೆ ಜನರನ್ನು ತಯಾರು ಮಾಡುತ್ತಿದ್ದೆ. ರೀಲು ಓಡುವಾಗ ಆಪರೇಟರು ಇಂಗ್ಲಿಷನ್ನು ಸಣ್ಣಗೆ ಮಾಡುತ್ತಿದ್ದ, ನಾನು ಅದರ ಮೇಲೆ ಮೈಕಿನಲ್ಲಿ ಹೇಳುತ್ತಿದ್ದೆ.

ಕಥೆ ಹೀಗಿತ್ತು. ಸೂರ್ಯ ಮುಳುಗದ ಒಂದು ಗ್ರಹಕ್ಕೆ ಕೆಲವರು ಹೋಗುತ್ತಾರೆ, ಅಲ್ಲಿ ಬೆಳೆ ಬರುತ್ತದೋ ಇಲ್ಲವೋ ನೋಡಲು. ಅವರಲ್ಲಿ ಒಬ್ಬಳೇ ಹೆಂಗಸು, ಸಸ್ಯಗಳ ವಿಜ್ಞಾನಿ. ಗಾಜಿನ ಮನೆಯೊಳಗೆ ಸಸಿ ಎಬ್ಬಿಸುತ್ತಾಳೆ. ಉಳಿದವರು ಕಲ್ಲು ಒಡೆಯುತ್ತಾರೆ, ಯಂತ್ರ ತಿರುಗಿಸುತ್ತಾರೆ, ಅವಳನ್ನು ನೋಡಿ ನಗುತ್ತಾರೆ. ಕಡೆಗೆ ಬೆಳೆದದ್ದು ಅವಳ ಸಸಿ ಮಾತ್ರ. ಭೂಮಿಯಿಂದ ರೇಡಿಯೋದಲ್ಲಿ ಶಾಬಾಸ್‌ಗಿರಿ ಬರುತ್ತದೆ, ಕ್ಯಾಪ್ಟನ್ನನ ಹೆಸರು ಹಿಡಿದು. ಸಸಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ವಾಪಸ್ ಬನ್ನಿ ಎಂದು ಹುಕುಂ ಆಗುತ್ತದೆ.

ಸಸ್ಯವಿಜ್ಞಾನಿ ಎಂದರೆ ಡೇರೆಯಲ್ಲಿ ಯಾರಿಗೆ ತಿಳಿಯಬೇಕು? ನಾನು ಅವಳಿಗೆ ತೋಟದಾಕಿ ಎಂದು ಹೆಸರಿಟ್ಟೆ. ಸವಣೂರು ವೀಳ್ಯದೆಲೆ ಬಳ್ಳಿಯ ಊರು. ನೆರಳು ಕಡಿಮೆಯಾದರೆ ಬಳ್ಳಿ ಬಾಡುತ್ತದೆ, ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ ಎಂದು ಅಲ್ಲಿಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿರಲಿಲ್ಲ. "ಅಲ್ಲಿ ಸಂಜಿನs ಆಗೂದಿಲ್ಲ, ಬಳ್ಳಿ ಮಲಗೂದ ಯಾವಾಗ, ನೀವs ಹೇಳ್ರಿ" ಎಂದು ಕೇಳಿದರೆ ಪರದೆಯ ಆಚೆಯಿಂದ ನಿಟ್ಟುಸಿರು ಕೇಳುತ್ತಿತ್ತು. ಖಾರದ ಪೊಟ್ಟಣ ಪರಪರ ಅನ್ನುವ ಸದ್ದು ನಿಂತುಬಿಡುತ್ತಿತ್ತು. ಆ ಮೌನದ ರುಚಿ ಹತ್ತಿದವರಿಗೆ ಬೇರೆ ಏನೂ ಬೇಡ. ನನಗೂ ಬೇಡವಾಯಿತು. ಅಷ್ಟು ಸುಖ ನನಗೆ ಮುಂದೆ ಯಾವ ಕೆಲಸದಲ್ಲೂ ಸಿಗಲಿಲ್ಲ.

ಕೊನೆಯ ರೀಲಿನಲ್ಲಿ ನೌಕೆ ಬೆಂಕಿ ಉಗುಳುತ್ತ ಮೇಲೇಳುವಾಗ ಫಿಲ್ಮು ಮುಗಿದು ಪರದೆ ಬರೀ ಬೆಳ್ಳಗಾಗುತ್ತಿತ್ತು. ಮೊದಲ ದಿನವೇ ಖಾದರಸಾಬ ಹಿಂದೆ ಓಡಿ ಬಂದು, "ಏನರ ಹೇಳಿ ಮುಗಸ್ರೆವ್ವ, ಮಂದಿ ಏಳಾಕ ಒಲ್ರು" ಎಂದ. ಪುಸ್ತಕದ ಎರಡು ಸಾಲು ನೆನಪಿದ್ದವು. ಆದರೆ ಅವಳನ್ನು ಸಾಯಿಸಲು ನನಗೆ ಮನಸ್ಸಾಗಲಿಲ್ಲ. ನೌಕೆ ಹೋಯಿತು, ಪೆಟ್ಟಿಗೆಗಳೂ ಹೋದವು, ತೋಟದಾಕಿ ಮಾತ್ರ ಇಳಿದುಬಿಟ್ಟಳು ಎಂದೆ. ಒಂದು ಸಸಿಮಡಿ ಉಳಿಸಿಕೊಂಡಿದ್ದಾಳೆ. ರೇಡಿಯೋದಲ್ಲಿ ಕ್ಯಾಪ್ಟನ್ ಅವಳ ಹೆಸರು ಹಿಡಿದು ಕರೆಯುತ್ತಿದ್ದಾನೆ. ಅವಳಿಗೆ ಕೇಳಿಸುತ್ತಿದೆ. ಅವಳು ಸಸಿಗೆ ನೀರು ಹಾಕುತ್ತಿದ್ದಾಳೆ. ಅಷ್ಟೇ, ಮುಗಿಯಿತು. ಬೆಳ್ಳಗಿನ ಪರದೆಯ ಎದುರು ಜನ ಎಷ್ಟೋ ಹೊತ್ತು ಕೂತೇ ಇದ್ದರು.

ಮಠದಲ್ಲಿ ಜನ ಕಡಿಮೆಯಾಗತೊಡಗಿತು. ಪುರಾಣದ ಹೊತ್ತೂ ಡೇರೆಯ ಮೊದಲ ಆಟದ ಹೊತ್ತೂ ಒಂದೇ. ಅಪ್ಪ ಊಟಕ್ಕೆ ಕೂತಾಗ ನನ್ನ ಕಡೆ ನೋಡುವುದನ್ನು ಬಿಟ್ಟರು. ಡೇರೆ ಶಿಗ್ಗಾವಿಗೆ ಹೋದಾಗ ಅಲ್ಲಿ ಸೋದರಮಾವನ ಮನೆ ಇದ್ದುದರಿಂದ ಅವ್ವನ ಜೊತೆ ನಾನೂ ಹೋದೆ. ಬಂಕಾಪುರದಿಂದಲೂ ಚಕ್ಕಡಿ ಕಟ್ಟಿಕೊಂಡು ಜನ ಬಂದರು. ಆಚಾರ್ರ ಮಗಳಂತೆ, ಏನು ಹೇಳ್ತಾಳ ಎಂಬ ಮಾತು ಹಬ್ಬಿತು. ಅದು ಸವಣೂರಿಗೆ ಮುಟ್ಟಿದ ಮರುದಿನವೇ ಅಪ್ಪ ಶಿಗ್ಗಾವಿಗೆ ಬಂದರು.

"ಸಾಕು ಸುಮತಿ. ಇನ್ನ ಹಾನಗಲ್ಲಿಗೆ ಪ್ರಾಣ್ಯಾ ಹೋಗ್ತಾನ. ನೀ ಅವಗ ಹೇಳಿಕೊಡು."

"ಅವಗ ಅರ್ಥ ಆಗಿಲ್ಲಪ್ಪ."

"ಅರ್ಥ ಯಾಕ ಬೇಕು? ನೀ ಸಂಥಿ ಹೇಳು."

ಮಾವನ ಪಡಸಾಲೆಯಲ್ಲಿ ಎದುರುಬದುರು ಕೂತೆವು. ನಾನು ಒಂದು ಸಲ, ಅವನು ಎರಡು ಸಲ. ಗ್ರಹ, ಗಾಜಿನ ಮನೆ, ತೋಟದಾಕಿ, ಬಳ್ಳಿ ಮಲಗುವುದು ಯಾವಾಗ ಎಂಬ ನನ್ನ ಪ್ರಶ್ನೆ, ಆ ಪ್ರಶ್ನೆಯ ನಂತರ ನಾನು ನಿಲ್ಲಿಸುವ ಉಸಿರು, ಎಲ್ಲವನ್ನೂ ಅವನು ನುಂಗಿದ. ಒಂದು ಕಡೆ ನನಗೆ ಕೆಮ್ಮು ಬಂತು. ಅವನು ಅಲ್ಲಿ ಕೆಮ್ಮಬೇಕೋ ಬೇಡವೋ ಎಂದು ನನ್ನ ಮುಖ ನೋಡಿದ.

ಹಾನಗಲ್ಲಿನಲ್ಲಿ ಅವನು ಪರದೆಯ ಹಿಂದೆ ಕೂರಲಿಲ್ಲ. ಗಂಡಸು ಯಾಕೆ ಕೂತಾನು? ಪರದೆಗೆ ಬೆನ್ನು ಮಾಡಿ, ಜನಕ್ಕೆ ಮುಖ ಮಾಡಿ, ಅಪ್ಪ ಪುರಾಣಕ್ಕೆ ಹೋಗುವ ವೇಷದಲ್ಲೇ ನಿಂತ. ಜರಿಯಂಚಿನ ಪಂಚೆ, ಶಲ್ಯ. ಅವನ ಧ್ವನಿ ನನ್ನದಕ್ಕಿಂತ ಒಳ್ಳೆಯದು, ಇಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕಿಆಲೂರಿನ ಮಿಲ್ಲಿನವರು ಬಂದು ಕೇಳಿ ಅವನಿಗೆ ಹಾರ ಹಾಕಿದರೆಂದು ಖಾದರಸಾಬ ಹೇಳಿಕಳಿಸಿದ. ಅಪ್ಪ ಆ ಸುದ್ದಿಯನ್ನು ಮಠದಲ್ಲಿ ನಾಲ್ಕು ಜನಕ್ಕೆ ಹೇಳಿದರು. ನಾನು ಅಡಿಗೆಮನೆಯಲ್ಲಿ ಕೇಳಿಸಿಕೊಂಡೆ, ಒಲೆಯ ಮುಂದೆ ಹೊಟ್ಟೆಕಿಚ್ಚಿನಿಂದ ಉರಿದೆ.

ಅಷ್ಟರಲ್ಲಿ ನನಗೊಂದು ಆಸೆ ಹುಟ್ಟಿತ್ತು. ಹಿರೇಕೆರೂರಿನಲ್ಲಿ ಹೊಸದಾಗಿ ತೆರೆದ ಒಂದು ಖಾಸಗಿ ಹೈಸ್ಕೂಲಿನಿಂದ ಇಂಗ್ಲಿಷ್ ಶಿಕ್ಷಕರ ಜಾಗಕ್ಕೆ ನನಗೆ ಸಂದರ್ಶನದ ಕರೆ ಬಂತು. ಹಾಕಿದ ಅರ್ಜಿಗಳಲ್ಲಿ ಉತ್ತರ ಬಂದದ್ದು ಅದೊಂದೇ. ಅಪ್ಪ ಮುಖ ಗಂಟುಹಾಕಿದರೂ ಹೋಗಬೇಡ ಅನ್ನಲಿಲ್ಲ. ಸಿನಿಮಾ ಇಲ್ಲದಿದ್ದರೆ ಬೇಡ, ಒಂದು ತರಗತಿ ಸಾಕು, ನಲವತ್ತು ಮಕ್ಕಳು ಸಾಕು, ಮುಖ ತೋರಿಸಿ ನಿಂತು ಹೇಳುತ್ತೇನೆ ಎಂದುಕೊಂಡೆ. ಆ ನೌಕರಿ ನನಗೆ ಅಷ್ಟು ಬೇಕಾಗಿತ್ತು.

ಡೇರೆ ಆಗ ಹಿರೇಕೆರೂರಿನಲ್ಲೇ ಇತ್ತು. ಸಂದರ್ಶನದ ಹಿಂದಿನ ದಿನ ಅವ್ವನ ಜೊತೆ ಹೋಗಿ ಪರಿಚಯದವರ ಮನೆಯಲ್ಲಿ ಇಳಿದುಕೊಂಡೆ. ಸಂಜೆ ಇಬ್ಬರೂ ಡೇರೆಗೆ ಹೋದೆವು, ನಡುವೆ ಬಿದಿರ ತಟ್ಟಿ ಕಟ್ಟಿದ ಹೆಂಗಸರ ಕಡೆ ಮುಂದೆಯೇ ಕೂತೆವು. ಪಡುವಣದಲ್ಲಿ ಮೋಡ ಕಟ್ಟಿ ಗುಡುಗುತ್ತಿತ್ತು. ಗಂಡಸರ ಕಡೆ ಮುಂದಿನ ಕುರ್ಚಿಗಳಲ್ಲಿ, ಧ್ವನಿವರ್ಧಕದ ಬಾಯಿಗೇ, ಊರ ಸಾವುಕಾರರು ಕೂತಿದ್ದರು. ಆ ಹೈಸ್ಕೂಲಿನ ಕಮಿಟಿಯ ಚೇರಮನ್ನರೂ ಅವರೇ.

ಪ್ರಾಣೇಶ ಚೆನ್ನಾಗಿಯೇ ಶುರು ಮಾಡಿದ. ಆದರೆ ಆಪರೇಟರು ಗಡಿಬಿಡಿಯಲ್ಲಿ ಒಂದು ರೀಲು ಬಿಟ್ಟು ಅದರ ಮುಂದಿನದನ್ನು ಹಾಕಿದ. ಪರದೆಯ ಮೇಲೆ ಸಸಿ ಆಳೆತ್ತರ ಬೆಳೆದು ನಿಂತಿದೆ, ಪ್ರಾಣೇಶ ಇನ್ನೂ ಬೀಜ ಊರುತ್ತಿದ್ದಾನೆ. ಬೆನ್ನು ಪರದೆಗೆ, ಕಣ್ಣು ಅರ್ಧ ಮುಚ್ಚಿದೆ, ಬಾಯಿ ತನ್ನ ಪಾಡಿಗೆ ಹೇಳುತ್ತಿದೆ. ಪರದೆಯ ಮೇಲೆ ಇಬ್ಬರು ಹೊಡೆದಾಡುತ್ತಿದ್ದರೆ, "ಈಗ ಎಲ್ಲಾರೂ ಕೂಡಿ ಊಟಕ್ಕ ಕೂತಾರ ನೋಡ್ರಿ" ಎಂದ. ಜನ ನಕ್ಕರು, ಸಿಳ್ಳೆ ಹಾಕಿದರು. ಅವನು ಗಾಬರಿಯಾಗಿ ಹಿಂದೆ ತಿರುಗಿದ, ನಿಂತೇಹೋದ. ಸಂಥೆಯಲ್ಲಿ ಕಲಿತವನು ನಡುವಿನಿಂದ ಎತ್ತಿಕೊಳ್ಳಲಾರ. ಅವನಿಗೆ ಗೊತ್ತಿದ್ದ ದಾರಿ ಒಂದೇ. "ಸೂರ್ಯ ಮುಳುಗದ ಒಂದು ಗ್ರಹ" ಎಂದು ಮೊದಲಿನಿಂದ ಹಿಡಿದ. ಕಲ್ಲೊಂದು ಬಂದು ಪರದೆಗೆ ಬಡಿಯಿತು.

ನಾನು ಎದ್ದು ನಿಂತೆ. ಅವ್ವ ಸೆರಗು ಹಿಡಿದು ಎಳೆದಳು, ಬಿಡಿಸಿಕೊಂಡೆ. ತಟ್ಟಿಯ ಪಕ್ಕಕ್ಕೆ ಹೋಗಿ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. "ನೀವು ಈಗ ನೋಡಾಕತ್ತದ್ದು ಮುಂದ ಆಗೂದು. ತೋಟದಾಕಿ ಬೀಜ ಊರೂ ಮುಂದ ಕಣ್ಣ ಮುಚ್ಚ್ಯಾಳ, ಅಕಿ ಕಣ್ಣಾಗ ಬಂದದ್ದಿದು. ಈ ಬೆಳಿ ಸಲುವಾಗಿ ಗಂಡಸರು ಹೆಂಗ ಬಡದಾಡ್ತಾರ ಅಂತ ಅಕಿಗೆ ಮೊದಲs ಕಾಣತೈತಿ. ಆದ್ರೂ ಬೀಜ ಊರ್ತಾಳ."

ಪ್ರಾಣೇಶ ಕಿವಿ ನನ್ನ ಕಡೆ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಮೈಕಿನಲ್ಲಿ ಹೇಳಿದ. ನಾನು ಒಂದು ಮಾತು, ಅವನು ಅದೇ ಮಾತು. ನಗು ನಿಂತಿತು. ಬಿಟ್ಟುಹೋದ ರೀಲು ಆಮೇಲೆ ಬಂದಾಗ ಅದನ್ನೂ ಹಾಗೆಯೇ ಜೋಡಿಸಿದೆವು. ಹೆಂಗಸರ ಕಡೆ ಕೂತವರಿಗೆ ಯಾರು ಹೇಳುತ್ತಿದ್ದಾರೆಂದು ಗೊತ್ತಾಯಿತು. ಡೇರೆಯ ಉಳಿದವರೆಲ್ಲ ಕೇಳಿದ್ದು ಧ್ವನಿವರ್ಧಕವನ್ನು. ಕೊನೆಗೆ ಸಾವುಕಾರರು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಮರುದಿನ ಸಂದರ್ಶನಕ್ಕೆ ಪ್ರಾಣೇಶ ನನ್ನನ್ನು ಕರೆದುಕೊಂಡು ಬಂದಿದ್ದ. ನಾನು ಒಳಗೆ ಹೋದೆ, ಅವನು ಬಾಗಿಲಲ್ಲಿ ನಿಂತ. ಸಾವುಕಾರರು ನನ್ನ ಕಾಗದಗಳನ್ನು ನೋಡುವ ಮೊದಲು ಅವನನ್ನು ನೋಡಿದರು.

"ಅರೆ, ಬರ್ರಿ, ಬರ್ರಿ, ಒಳಗ ಬರ್ರಿ. ಕುಂಡ್ರಿ. ನಿನ್ನಿ ಏನ್ರಿ ನಿಮ್ಮ ಬುದ್ಧಿ. ರೀಲ್ ತಪ್ಪಿದ್ರೂ ಕಥಿ ತಪ್ಪಲಿಲ್ಲ. ಇಂಗ್ಲಿಷ್ ಅಷ್ಟ ಹಿಡಿತದಾಗಿರೂದು ಭಾಳ ಅಪರೂಪ. ಏನ್ ಓದೀರಿ?"

"ಅಕ್ಕನ ಜೋಡಿ ಬಂದೇನ್ರಿ. ಬಿ.ಎ. ರೀ," ಎಂದ ಪ್ರಾಣೇಶ.

"ಬಸ್. ಬಿ.ಎಡ್. ಆಮ್ಯಾಲೆ ಮಾಡ್ಕೊಳ್ಳಿಕ್ಕೆ ಬರ್ತದ. ನಮ್ಮಲ್ಲೆ ಹುಡುಗ್ರು ಉಡಾಳ ಅದಾರ, ಹೆಣ್ಣಮಗಳ ಕೈಗೆ ಹತ್ತೂದಿಲ್ಲ. ಜೂನಿಗೆ ಬಂದುಬಿಡ್ರಿ." ಆಮೇಲೆ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದರು, "ನಿಮಗೂ ಸಂತೋಷನ ಅಲ್ಲೇನ್ರೆವ್ವ, ತಮ್ಮಗ ಆದ್ರ?"

ಪ್ರಾಣೇಶ ನನ್ನ ಕಡೆ ನೋಡಿದ. ಅವನು ಹೇಳಲಿ ಎಂದು ನಾನು ಕಾದೆ. ನಿನ್ನೆ ಹೇಳಿದವಳು ಇವಳು, ಇಷ್ಟೇ ಹೇಳಬೇಕಿತ್ತು. ನನ್ನ ಅಷ್ಟೆಲ್ಲ ಮಾತು ಬಾಯಿಪಾಠ ಮಾಡಿದವನಿಗೆ ಅದೊಂದು ಬರಲಿಲ್ಲ. ನಾನು ಕಾಗದಗಳನ್ನು ಮಡಿಸಿಕೊಂಡು ಎದ್ದೆ. ಹೊರಗೆ ಮುಂಗಾರಿನ ಮೊದಲ ಹನಿಗಳು ಬಿದ್ದು ಧೂಳು ಘಂ ಅನ್ನುತ್ತಿತ್ತು.

ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದುಕೊಂಡಳು. ಅವಳಾದರೂ ಎಲ್ಲ ಕಣ್ಣಾರೆ ಕಂಡವಳು. ಬಹಳ ದೂರ ಬಂದ ಮೇಲೆ ಹೇಳಿದಳು, "ಬಿಡು ಸುಮತಿ. ನೌಕರಿ ಇಲ್ಲಂದ್ರ ಅವಗ ಹೆಣ್ಣ ಯಾರ ಕೊಡ್ತಿದ್ರು?" ಮನೆಯಲ್ಲಿ ಅಪ್ಪನಿಗೂ ಅಷ್ಟೇ ಸಮಾಧಾನ. "ಬ್ಯಾರೆಯವ್ರ ಪಾಲಾಗಲಿಲ್ಲಲ್ಲ, ನಮ್ಮ ಮನೀಗೇ ಬಂತು" ಎಂದು ಸಕ್ಕರೆ ಹಂಚಿದರು. ನನಗೂ ಒಂದು ಚಿಟಿಕೆ ಕೊಟ್ಟರು. ತಿಂದೆ.

ಶಾಲೆ ಶುರುವಾಯಿತು. ಪ್ರಾಣೇಶ ಪ್ರತಿ ಶನಿವಾರ ಮಳೆಯಲ್ಲಿ ತೊಯ್ದುಕೊಂಡು ಬಸ್ಸಿಳಿದು ಬರುತ್ತಿದ್ದ, ಬಗಲಲ್ಲಿ ಇಂಗ್ಲಿಷ್ ಪಠ್ಯಪುಸ್ತಕ. ಭಾನುವಾರವೆಲ್ಲ ಪಡಸಾಲೆಯಲ್ಲಿ ಸಂಥೆ. ಮುಂದಿನ ವಾರದ ಪಾಠವನ್ನು ನಾನು ಒಂದು ಸಲ, ಅವನು ಎರಡು ಸಲ. ಮಕ್ಕಳು ಕೇಳಬಹುದಾದ ಪ್ರಶ್ನೆ, ಅದಕ್ಕೆ ಉತ್ತರ, ನಡುವೆ ಒಂದು ನಗೆಚಟಾಕಿ ಕೂಡ. ಅಪ್ಪ ಅಡ್ಡಾಡುತ್ತ ಕೇಳಿ, "ಅಕ್ಕ ತಮ್ಮ ಹಿಂಗ ಇರಬೇಕು" ಎನ್ನುತ್ತಿದ್ದರು. ಶ್ರಾವಣ ಕಳೆದ ಮೇಲೆ ಒಂದು ಭಾನುವಾರ ನನ್ನೊಳಗೆ ಏನೋ ಕಡಿದುಬಿತ್ತು.

"ಈ ವಾರ ಹೇಳಿಕೊಡೂದಿಲ್ಲ," ಎಂದೆ.

"ಯಾಕ ಅಕ್ಕಾ, ಮೈಯಾಗ ಆರಾಮ ಇಲ್ಲೇನು?"

"ಆರಾಮ ಅದೇನಿ. ನೌಕರಿ ನಿಂದು, ನೀನs ಓದಿಕೋ."

ಅವನು ಸಂಜೆಯ ಬಸ್ಸಿಗೆ ಮುಖ ಸಣ್ಣ ಮಾಡಿಕೊಂಡು ಹೋದ. ಆ ವಾರ ನಾನು ಸುಖವಾಗಿ ನಿದ್ದೆ ಮಾಡಿದೆ. ಈಗ ಬಾಯಿ ಬಿಡುತ್ತಿರಬೇಕು, ಈಗ ಮಕ್ಕಳು ನಗುತ್ತಿರಬೇಕು, ಈಗ ಸಾವುಕಾರರಿಗೆ ದೂರು ಹೋಗಿರಬೇಕು ಎಂದು ದಿನ ಕಳೆದೆ. ಶನಿವಾರ ಅವನು ಬಂದ. ಮುಖ ಕಳೆ ಕಳೆಯಾಗಿತ್ತು.

"ಪಾಠ ಬಿಟ್ಟs ಬಿಟ್ಟೆ ಅಕ್ಕಾ. ವಾರಪೂರ್ತಿ ಆ ಗ್ರಹದ ಕಥಿ ಹೇಳಿದೆ. ಹುಡುಗ್ರು ಉಸುರ ಬಿಡದಂಗ ಕೂತಿದ್ವು. ಹೆಡ್ ಮಾಸ್ತರ್ರೂ ಬಂದು ಹಿಂದಿನ ಬಾಕಿನ ಮ್ಯಾಲೆ ಕೂತು ಕೇಳಿದ್ರು. ಇನ್ನ ವರ್ಷಾ ವರ್ಷಾ ಇದನ್ನ ಹೇಳ್ರಿ ಅಂದ್ರು."

ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

"ಒಬ್ಬ ಹುಡುಗಿ ಮಾತ್ರ ಒಂದು ಪ್ರಶ್ನಿ ಕೇಳಿದ್ಲು," ಎಂದ, ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತು. "ತೋಟದಾಕಿ ಯಾಕ ವಾಪಸ್ ಬರಲಿಲ್ರೀ ಸರ್, ಅಂತ. ಸೋಮವಾರ ಹೇಳ್ತೇನಿ ಅಂದೇನಿ. ಏನ್ ಹೇಳ್ಲಿ?"

ಮೊರ ಕೆಳಗಿಟ್ಟು ಅವನ ಮುಖವನ್ನು ನೇರ ನೋಡಿದೆ. ಇಷ್ಟು ದಿನ ಆಡದ ಮಾತು ತಾನಾಗಿ ಬಂತು. "ಅಕಿ ಬೆಳೆಸಿದ್ದನ್ನೆಲ್ಲಾ ತಮ್ಮ ಹೆಸರಿಗೆ ಮಾಡಿಕೊಂಡ ಮಂದಿ ನಡುವ, ಅಕಿಗೆ ಮತ್ತ ಹೋಗಿ ಬಾಳೂ ಮನಸ್ಸಾಗಲಿಲ್ಲ. ಅದಕ್ಕ ಬರಲಿಲ್ಲ."

ಪ್ರಾಣೇಶ ತಲೆ ತಗ್ಗಿಸಿದ. ನಾಟಿತು ಎಂದುಕೊಂಡೆ. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು. ಆಮೇಲೆ ನೋಡಿದೆ, ಅವನ ತುಟಿ ಅಲ್ಲಾಡುತ್ತಿತ್ತು. ನಾನು ಹೇಳಿದ ಮಾತನ್ನು ಎರಡು ಸಲ ಹೇಳಿಕೊಳ್ಳುತ್ತಿದ್ದ, ಸೋಮವಾರದ ಕ್ಲಾಸಿಗೆ, ಒಂದಕ್ಷರವೂ ತಪ್ಪದ ಹಾಗೆ.